ಟಿವಿ ಹಿಂದಿನ ಜಾಕ್‌ಗಳು: ಯಾವ ತೂತಿಗೆ ಯಾವ ವೈರು, ಯಾಕೆ?

ಹೊಸ ಟಿವಿ ಮನೆಗೆ ಬರುತ್ತದೆ. ಅಂಗಡಿಯವರು ಗೋಡೆಗೆ ಹಾಕಿ, ವೈಫೈ ಜೋಡಿಸಿ, ಒಂದು ಹಾಡು ಹಾಕಿ ತೋರಿಸಿ ಹೊರಡುತ್ತಾರೆ. ಪ್ರಶ್ನೆಗಳು ಶುರುವಾಗುವುದು ಆಮೇಲೆ. ಹಳೆಯ ಹೋಂ ಥಿಯೇಟರ್‌ನ ಕೆಂಪು-ಬಿಳಿ ವೈರು ಎಲ್ಲಿ ಚುಚ್ಚುವುದು? ಡಿವಿಡಿ ಪ್ಲೇಯರ್‌ನ ಹಳದಿ ಪಿನ್‌ಗೆ ಜಾಗವೇ ಇಲ್ಲವಲ್ಲ? ಸೌಂಡ್‌ಬಾರ್ ಜೋಡಿಸಿದರೂ ಶಬ್ದ ಟಿವಿಯಿಂದಲೇ ಯಾಕೆ ಬರುತ್ತಿದೆ?

ಹಳೆಯ ಟಿವಿಗಳ ಬೆನ್ನಿನಲ್ಲಿ ಬಣ್ಣಬಣ್ಣದ ತೂತುಗಳ ಸಾಲೇ ಇರುತ್ತಿತ್ತು. ಹೊಸ ಟಿವಿಗಳು ತೆಳ್ಳಗಾದವು, ತೂತುಗಳು ಕಡಿಮೆಯಾದವು. ಆದರೆ ನಮ್ಮ ಮನೆಯ ಹಳೆ ಸಾಮಾನು ಹಾಗೇ ಇದೆ. ಒಂದು ತಪ್ಪು ಕೇಬಲ್ಲಿಗೆ ದುಡ್ಡು ಕೊಟ್ಟು, ಅದು ಆಗದೆ ಇನ್ನೊಂದು ತಂದು, ಕೊನೆಗೆ ಚೆನ್ನಾಗಿರುವ ಆಂಪ್ಲಿಫೈಯರನ್ನೇ ಗುಜರಿಗೆ ಹಾಕುವವರು ಎಷ್ಟೋ ಜನ. ಅದರ ಅಗತ್ಯವೇ ಇಲ್ಲ. ಪ್ರತಿ ಜಾಕ್ ಏನು ಕೆಲಸ ಮಾಡುತ್ತದೆ ಅಂತ ಒಮ್ಮೆ ಗೊತ್ತಾದರೆ ಸಾಕು.

ಮೊದಲು ಮೂರು ಪ್ರಶ್ನೆ

ಟಿವಿ ಮೈಮೇಲಿರುವ ತೂತಿಗೆ ಜಾಕ್ ಅನ್ನುತ್ತಾರೆ. ಪೋರ್ಟ್, ಸಾಕೆಟ್ ಅಂದರೂ ಅದೇ. ಅದರೊಳಗೆ ಹೋಗುವ ವೈರಿನ ತುದಿ ಪ್ಲಗ್. ನಮ್ಮ ಅಂಗಡಿಗಳಲ್ಲಿ ಅದನ್ನೇ ಪಿನ್ ಅನ್ನುವುದು ರೂಢಿ. ಯಾವ ಜಾಕ್ ಕಂಡರೂ ಅದನ್ನು ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು: ಇದು ಇನ್‌ಪುಟ್ಟೋ ಔಟ್‌ಪುಟ್ಟೋ? ಅಂದರೆ ಇಲ್ಲಿ ಸಿಗ್ನಲ್ ಒಳಗೆ ಬರುತ್ತದೋ, ಹೊರಗೆ ಹೋಗುತ್ತದೋ? ಸೆಟ್ ಟಾಪ್ ಬಾಕ್ಸ್‌ನಲ್ಲಿರುವುದು ‘ಔಟ್’, ಟಿವಿಯಲ್ಲಿರುವುದು ‘ಇನ್’. ಔಟ್‌ನಿಂದ ಇನ್‌ಗೆ ವೈರು ಎಳೆದರೆ ಮಾತ್ರ ಕೆಲಸ ಆಗುತ್ತದೆ. ಎರಡೂ ಇನ್ ಆದರೆ ಪಿನ್ ಚೆಂದವಾಗಿ ಕೂತರೂ ಏನೂ ಬರುವುದಿಲ್ಲ. ಮನೆಗಳಲ್ಲಿ ಆಗುವ ಎಡವಟ್ಟುಗಳಲ್ಲಿ ಇದೇ ಜಾಸ್ತಿ. ಹದಿನೈದು ವರ್ಷದ ಹಿಂದಿನ ಡಿವಿಡಿ ಹೋಂ ಥಿಯೇಟರ್ ತೆಗೆದುಕೊಳ್ಳಿ. ಅದರ ಹಿಂದೆ ಎಚ್‌ಡಿಎಂಐ ತೂತು ಇರುತ್ತದೆ, ಟಿವಿಯಲ್ಲೂ ಇದೆ. ಜೋಡಿಸಿದರೆ ಟಿವಿಯ ಶಬ್ದ ಆ ಸ್ಪೀಕರುಗಳಲ್ಲಿ ಬರಬೇಕಲ್ವಾ? ಸಾಮಾನ್ಯವಾಗಿ ಬರುವುದಿಲ್ಲ. ಅಂಥ ಬಹಳಷ್ಟು ಸೆಟ್‌ಗಳಲ್ಲಿರುವುದು ಎಚ್‌ಡಿಎಂಐ ಔಟ್ ಮಾತ್ರ. ಡಿವಿಡಿಯ ಚಿತ್ರವನ್ನು ಟಿವಿಗೆ ಕಳಿಸಲು ಅದನ್ನು ಇಟ್ಟಿದ್ದಾರೆ, ಟಿವಿಯ ಶಬ್ದ ತೆಗೆದುಕೊಳ್ಳಲು ಅಲ್ಲ. ಅದಕ್ಕೆ ಅದೇ ಸೆಟ್‌ನಲ್ಲಿ ‘ಆಕ್ಸ್ ಇನ್’ ಅಥವಾ ‘ಆಪ್ಟಿಕಲ್ ಇನ್’ ಅಂತ ಬೇರೆ ತೂತು ಹುಡುಕಬೇಕು.

ಎರಡನೆಯದು: ಇದರಲ್ಲಿ ಹೋಗುವುದು ಶಬ್ದವೋ, ಚಿತ್ರವೋ, ಎರಡೂವೋ? ಹಳದಿ ಪಿನ್‌ನಲ್ಲಿ ಚಿತ್ರ ಮಾತ್ರ. ಆಪ್ಟಿಕಲ್‌ನಲ್ಲಿ ಶಬ್ದ ಮಾತ್ರ. ಎಚ್‌ಡಿಎಂಐನಲ್ಲಿ ಎರಡೂ.

ಮೂರನೆಯದು: ಅನಲಾಗೋ ಡಿಜಿಟಲ್ಲೋ? ಅನಲಾಗ್ ಅಂದರೆ ಶಬ್ದ ಅಥವಾ ಬೆಳಕು ಏರಿಳಿದ ಹಾಗೆ ವೈರಿನಲ್ಲಿ ವೋಲ್ಟೇಜ್ ಕೂಡ ಏರಿಳಿಯುತ್ತದೆ. ಡಿಜಿಟಲ್‌ನಲ್ಲಿ ಆ ಏರಿಳಿತವನ್ನು ಮೊದಲೇ ಅಳೆದು, ಅಂಕಿಗಳಾಗಿ ಕಳಿಸುತ್ತಾರೆ. ಅನಲಾಗ್ ಕೆಟ್ಟರೆ ಚಿತ್ರ ಮಂದವಾಗುತ್ತದೆ, ಶಬ್ದದಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ, ಆದರೂ ಏನೋ ಒಂದು ಬರುತ್ತಿರುತ್ತದೆ. ಡಿಜಿಟಲ್ ಚೆನ್ನಾಗಿದ್ದರೆ ಪೂರ್ತಿ ಬರುತ್ತದೆ. ಕೆಟ್ಟರೆ ಚಿತ್ರ ಚುಕ್ಕಿಚುಕ್ಕಿಯಾಗುತ್ತದೆ, ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೇ ಪರದೆಯೇ ಕಪ್ಪಾಗುತ್ತದೆ. ಈ ಎರಡರ ಮಧ್ಯೆ ಸುಮ್ನೆ ವೈರು ಜೋಡಿಸಿದರೆ ಆಗುವುದಿಲ್ಲ. ಕನ್ವರ್ಟರ್ ಬೇಕು.

ಹಳದಿ, ಬಿಳಿ, ಕೆಂಪು

ಮೂರು ಬಣ್ಣದ ಈ ವೈರು ಕಾಣದ ಮನೆಯೇ ಇಲ್ಲ. ಇದರ ಪಿನ್‌ಗೆ ಆರ್‌ಸಿಎ ಅಂತ ಹೆಸರು. ಅಮೆರಿಕದ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿಯ ಹೆಸರಿನಿಂದ ಬಂದದ್ದು. ಗ್ರಾಮಫೋನನ್ನು ರೇಡಿಯೊಗೆ ಜೋಡಿಸಲು ಹುಟ್ಟಿದ ಪಿನ್ ಇದು. ಇವತ್ತಿಗೂ ಅದೇ ಆಕಾರದಲ್ಲಿ ನಡೆದುಕೊಂಡು ಬಂದಿದೆ.

ಹಳದಿ ಚಿತ್ರಕ್ಕೆ. ಬಿಳಿ ಎಡ ಸ್ಪೀಕರಿನ ಶಬ್ದಕ್ಕೆ, ಕೆಂಪು ಬಲಕ್ಕೆ. ಕೆಲವು ಹಳೆಯ ಸೆಟ್‌ಗಳಲ್ಲಿ ಬಿಳಿಯ ಬದಲು ಕಪ್ಪು ಇರುತ್ತದೆ. ಬಣ್ಣ ಇರುವುದು ನಮ್ಮ ಗುರುತಿಗೆ ಮಾತ್ರ. ಮೂರೂ ಪಿನ್‌ಗಳ ಆಕಾರ ಒಂದೇ. ಹಾಗಾಗಿ ತಪ್ಪು ತೂತಿಗೆ ಹಾಕಿದರೂ ಕೂರುತ್ತದೆ. ಹಳದಿ ಪಿನ್ನನ್ನು ಬಿಳಿ ತೂತಿಗೆ ಹಾಕಿದರೆ ಪರದೆ ಕಪ್ಪು, ಸ್ಪೀಕರಿನಲ್ಲಿ ಜೋರಾಗಿ ಗರ್ರ್ ಎನ್ನುವ ಶಬ್ದ. ಚಿತ್ರದ ಸಿಗ್ನಲ್ಲನ್ನೇ ಟಿವಿ ಶಬ್ದ ಅಂದುಕೊಂಡು ನುಡಿಸುತ್ತಿದೆ ಅಂತ ಅರ್ಥ. ಹೆದರಬೇಕಿಲ್ಲ, ಪಿನ್ ಬದಲಿಸಿದರೆ ಆಯಿತು.

ಆರ್‌ಸಿಎ ಪಿನ್ನನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವೆ ಒಂದು ಕಡ್ಡಿ, ಸುತ್ತ ಒಂದು ಲೋಹದ ಬಳೆ. ಕಡ್ಡಿಯಲ್ಲಿ ಸಿಗ್ನಲ್ ಹೋಗುತ್ತದೆ. ಬಳೆ ಗ್ರೌಂಡ್, ಅಂದರೆ ಸಿಗ್ನಲ್ ವಾಪಸ್ ಹೋಗುವ ದಾರಿ. ಕಡ್ಡಿ ಬಳೆಗಿಂತ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಒಳಗೆ ತಳ್ಳುವಾಗ ಗ್ರೌಂಡಿಗಿಂತ ಮೊದಲು ಸಿಗ್ನಲ್ ತಾಗುತ್ತದೆ. ಆಂಪ್ಲಿಫೈಯರ್ ಆನ್ ಇದ್ದರೆ ಆ ಕ್ಷಣದಲ್ಲಿ ಸ್ಪೀಕರ್ ಢಬ್ ಎನ್ನುವುದು ಇದಕ್ಕೇ. ಅದರಿಂದ ಸ್ಪೀಕರ್ ಹಾಳಾಗಲೂಬಹುದು. ವೈರು ಹಾಕುವ ಮುಂಚೆ ಸ್ವಿಚ್ ಆರಿಸುವ ಅಭ್ಯಾಸ ಒಳ್ಳೆಯದು.

ಹಳದಿ ವೈರಿನ ಚಿತ್ರ ಯಾಕೆ ಮಂದ?

ದೊಡ್ಡ 4ಕೆ ಟಿವಿಗೆ ಹಳೆ ಡಿವಿಡಿ ಪ್ಲೇಯರನ್ನು ಹಳದಿ ವೈರಿನಲ್ಲಿ ಜೋಡಿಸಿದವರಿಗೆ ಬೇಸರವಾಗುತ್ತದೆ. ಟಿವಿ ಚೆನ್ನಾಗಿಲ್ಲ ಅನಿಸುತ್ತದೆ. ತಪ್ಪು ಟಿವಿಯದ್ದಲ್ಲ.

ಭಾರತದಲ್ಲಿ ಬಣ್ಣದ ಟಿವಿ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ. ಆಗ ಜನರ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಸೆಟ್. ಹೊಸ ಪ್ರಸಾರ ಆ ಸೆಟ್‌ಗಳಲ್ಲೂ ಬರಬೇಕಿತ್ತು. ನಾವು ಬಳಸಿದ ಪಾಲ್ ಪದ್ಧತಿಯಲ್ಲಿ ಇದಕ್ಕೊಂದು ಉಪಾಯವಿತ್ತು. ಕಪ್ಪು-ಬಿಳುಪು ಚಿತ್ರದ ಸಿಗ್ನಲ್ ಹಾಗೇ ಇರಲಿ, ಬಣ್ಣದ ಮಾಹಿತಿಯನ್ನು ಅದರ ಮೇಲೇ ಇನ್ನೊಂದು ಅಲೆಯಾಗಿ ಸೇರಿಸೋಣ ಅಂತ. ಹಳೆಯ ಸೆಟ್ ಆ ಬಣ್ಣವನ್ನು ಬಿಟ್ಟು ಓದುತ್ತಿತ್ತು, ಹೊಸದು ಬೇರ್ಪಡಿಸಿ ಓದುತ್ತಿತ್ತು. ಹೀಗೆ ಎಲ್ಲವೂ ಬೆರೆತ ಸಿಗ್ನಲ್ಲಿಗೆ ಕಾಂಪೋಸಿಟ್ ಅನ್ನುತ್ತಾರೆ. ಹಳದಿ ವೈರಿನಲ್ಲಿ ಹರಿಯುವುದು ಇದೇ.

ಬಿಸಿಬೇಳೆ ಬಾತ್ ಮಾಡಿದ ಮೇಲೆ ಅದರಿಂದ ಅನ್ನ, ಬೇಳೆ, ತರಕಾರಿಯನ್ನು ಮತ್ತೆ ಬೇರೆ ಬೇರೆಯಾಗಿ ಪೂರ್ತಿ ತೆಗೆಯಲು ಆಗುವುದಿಲ್ಲ. ಕಾಂಪೋಸಿಟ್ ಕೂಡ ಹಾಗೆಯೇ. ಬೆಳಕು ಮತ್ತು ಬಣ್ಣವನ್ನು ಟಿವಿ ಎಷ್ಟೇ ಜಾಣತನದಿಂದ ಬೇರ್ಪಡಿಸಿದರೂ ಒಂದರ ಚೂರು ಇನ್ನೊಂದರಲ್ಲಿ ಉಳಿಯುತ್ತದೆ. ಹಳೆಯ ಕಾರ್ಯಕ್ರಮಗಳಲ್ಲಿ ಸಣ್ಣ ಗೀಟಿನ ಅಂಗಿ ಅಥವಾ ಸಣ್ಣ ಚೌಕಳಿಯ ಸೀರೆಯ ಮೇಲೆ ಇಲ್ಲದ ಕಾಮನಬಿಲ್ಲು ಓಡಾಡುವುದನ್ನು ನೋಡಿರುತ್ತೀರಿ. ಸಣ್ಣ ಗೀಟುಗಳ ಬೆಳಕಿನ ಏರಿಳಿತವನ್ನು ಟಿವಿ ಬಣ್ಣ ಅಂತ ತಪ್ಪು ಓದುವುದರಿಂದ ಹಾಗಾಗುತ್ತದೆ.

ಇನ್ನೊಂದು ಕಾರಣ ಗೆರೆಗಳ ಲೆಕ್ಕ. ಪಾಲ್‌ನಲ್ಲಿ ಒಟ್ಟು 625 ಅಡ್ಡಗೆರೆ, ಅದರಲ್ಲಿ ಚಿತ್ರ ತೋರಿಸುವುದು 576. 4ಕೆ ಪರದೆಯಲ್ಲಿ 2160 ಸಾಲುಗಳಿವೆ. 576ನ್ನು ಎಳೆದು 2160ಕ್ಕೆ ಹಿಗ್ಗಿಸಿದರೆ ಚಿತ್ರ ಮಬ್ಬಾಗದೆ ಇರಲು ಸಾಧ್ಯವೇ?

ಈ ಬೆರಕೆಯನ್ನು ಬಿಡಿಸಲು ಬಂದ ಮೊದಲ ಹೆಜ್ಜೆ ಎಸ್-ವಿಡಿಯೊ. ನಾಲ್ಕು ಸಣ್ಣ ಕಡ್ಡಿಗಳ ದುಂಡು ಪಿನ್. ಬೆಳಕಿಗೊಂದು ದಾರಿ, ಬಣ್ಣಕ್ಕೊಂದು ದಾರಿ. ನಮ್ಮ ಮನೆಗಳಲ್ಲಿ ಅಷ್ಟಾಗಿ ಬಳಕೆಗೆ ಬರಲಿಲ್ಲ.

ಎರಡನೆಯದು ಕಾಂಪೊನೆಂಟ್. ಹಸಿರು, ನೀಲಿ, ಕೆಂಪು ಆರ್‌ಸಿಎ ಪಿನ್‌ಗಳು. ಹಸಿರಿನಲ್ಲಿ ಬೆಳಕು, ಉಳಿದ ಎರಡರಲ್ಲಿ ಬಣ್ಣದ ವಿವರ. ಅನಲಾಗ್ ಆದರೂ ಎಚ್‌ಡಿ ಚಿತ್ರ ಸಾಗಿಸುವಷ್ಟು ಶಕ್ತಿ ಇದಕ್ಕಿದೆ. ಇದರಲ್ಲಿ ಶಬ್ದ ಇಲ್ಲ. ಅದಕ್ಕೆ ಬಿಳಿ-ಕೆಂಪು ಪಿನ್‌ಗಳನ್ನು ಬೇರೆಯಾಗಿ ಹಾಕಬೇಕು. ಈಗ ಒಟ್ಟು ಐದು ಪಿನ್, ಅದರಲ್ಲಿ ಎರಡು ಕೆಂಪು! ಗೊಂದಲ ಆಗುವುದು ಇಲ್ಲೇ. ನೀಲಿಯ ಪಕ್ಕದ ಕೆಂಪು ಚಿತ್ರದ್ದು, ಬಿಳಿಯ ಪಕ್ಕದ ಕೆಂಪು ಶಬ್ದದ್ದು.

ಕೆಲವು ಟಿವಿಗಳಲ್ಲಿ ಹಳದಿಗೆ ಬೇರೆ ತೂತು ಕೊಡದೆ, ಹಸಿರಿನ ಸುತ್ತಲೇ ಹಳದಿ ಬಣ್ಣ ಹಚ್ಚಿರುತ್ತಾರೆ. ಹಳದಿ ಪಿನ್ನನ್ನು ಆ ಹಸಿರು ತೂತಿಗೇ ಹಾಕಬೇಕು ಅಂತ ಅದರರ್ಥ. ಹಾಕಿದ ಮೇಲೆ ಚಿತ್ರ ಕಪ್ಪು-ಬಿಳುಪಾಗಿ ಬಂದರೆ ವೈರು ಕೆಟ್ಟಿಲ್ಲ. ರಿಮೋಟ್‌ನ ಸೋರ್ಸ್ ಬಟನ್‌ನಲ್ಲಿ ‘ಕಾಂಪೊನೆಂಟ್’ ಆಯ್ಕೆ ಆಗಿದೆ. ಟಿವಿ ಹಸಿರಿನಲ್ಲಿ ಬೆಳಕನ್ನಷ್ಟೇ ಹುಡುಕುತ್ತಿದೆ. ‘ಎವಿ’ಗೆ ಬದಲಿಸಿದರೆ ಬಣ್ಣ ಬರುತ್ತದೆ.

ಹೊಸ ಟಿವಿಯ ಪುಟ್ಟ ತೂತು

ಟಿವಿ ತೆಳ್ಳಗಾದ ಮೇಲೆ ಮೂರು ಆರ್‌ಸಿಎ ತೂತುಗಳಿಗೆ ಜಾಗ ಇಲ್ಲವಾಯಿತು. ಅದಕ್ಕೆ ಹಲವು ಕಂಪನಿಗಳು ಇಯರ್‌ಫೋನ್ ತೂತಿನ ಹಾಗೆ ಕಾಣುವ ಒಂದೇ ತೂತು ಇಟ್ಟು, ಪಕ್ಕದಲ್ಲಿ ‘ಎವಿ ಇನ್’ ಅಂತ ಬರೆದವು. ಅಳತೆ 3.5 ಮಿಲಿಮೀಟರ್. ಟಿವಿ ಡಬ್ಬದಲ್ಲಿ ಒಂದು ಗೇಣುದ್ದದ ವೈರು ಸಿಗುತ್ತದೆ. ಒಂದು ತುದಿಯಲ್ಲಿ ಈ ಪುಟ್ಟ ಪಿನ್, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ತೂತುಗಳು. ಇದನ್ನು ಎಸೆಯಬೇಡಿ.

ಯಾಕೆಂದರೆ ಹೊರಗೆ ಸಿಗುವ ಎಲ್ಲ ವೈರುಗಳೂ ಒಂದೇ ಥರ ಇರುವುದಿಲ್ಲ. ಪುಟ್ಟ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಮೂರು ಕಪ್ಪು ಗೆರೆಗಳಿರುತ್ತವೆ. ಅವು ಪಿನ್ನನ್ನು ನಾಲ್ಕು ಭಾಗ ಮಾಡುತ್ತವೆ: ಚಿತ್ರ, ಎಡ ಶಬ್ದ, ಬಲ ಶಬ್ದ, ಗ್ರೌಂಡ್. ಯಾವ ಭಾಗಕ್ಕೆ ಯಾವುದು ಅನ್ನುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಟಿವಿಯ ಅಥವಾ ಹಳೆ ವಿಡಿಯೊ ಕ್ಯಾಮೆರಾದ ವೈರು ಹಾಕಿದರೆ ಪಿನ್ ಸರಿಯಾಗಿ ಕೂರುತ್ತದೆ, ಚಿತ್ರ ಬರುವುದಿಲ್ಲ. ಆಗ ಇನ್ನೊಂದು ತುದಿಯಲ್ಲಿ ಪಿನ್‌ಗಳನ್ನು ಅದಲು ಬದಲು ಮಾಡಿ ನೋಡಬಹುದು. ಹಳದಿಯನ್ನು ಕೆಂಪು ತೂತಿಗೆ ಹಾಕಿದಾಗ ಚಿತ್ರ ಮೂಡಿದರೆ, ಆ ವೈರಿನ ಕ್ರಮ ಬೇರೆ ಅಂತ ತಿಳಿಯಿತು, ಹಾಗೇ ಬಳಸಬಹುದು. ಗ್ರೌಂಡ್‌ನ ಜಾಗವೇ ಬೇರೆಯಾಗಿದ್ದರೆ ಮಾತ್ರ ಹೇಗೆ ಬದಲಿಸಿದರೂ ಆಗುವುದಿಲ್ಲ. ಬೇರೆ ವೈರೇ ಬೇಕು.

ಇಯರ್‌ಫೋನ್ ತೂತು ಕೂಡ ಇದೇ ಅಳತೆಯದು. ಅದು ಔಟ್, ಇದು ಇನ್. ಪಕ್ಕದ ಬರಹ ಅಥವಾ ಹೆಡ್‌ಫೋನ್ ಚಿತ್ರ ನೋಡಿಕೊಂಡೇ ಹಾಕಬೇಕು.

ಎಚ್‌ಡಿಎಂಐ

ಹಿಟಾಚಿ, ಪ್ಯಾನಾಸೋನಿಕ್, ಫಿಲಿಪ್ಸ್, ಸೋನಿ, ತೊಶಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್ ಕಂಪನಿಗಳು ಸೇರಿ 2002ರ ಕೊನೆಗೆ ಎಚ್‌ಡಿಎಂಐನ ಮೊದಲ ರೂಪ ಹೊರತಂದವು. ಚಪ್ಪಟೆ ಪಿನ್, ಒಳಗೆ 19 ಸಂಪರ್ಕಗಳು. ಶಬ್ದ, ಚಿತ್ರ ಎರಡೂ ಡಿಜಿಟಲ್ ಆಗಿ ಒಂದೇ ವೈರಿನಲ್ಲಿ ಹೋಗುತ್ತವೆ.

ಅಷ್ಟೇ ಅಲ್ಲ, ಇದರಲ್ಲಿ ಎರಡೂ ಕಡೆಯ ಸಾಧನಗಳು ಮಾತಾಡಿಕೊಳ್ಳುತ್ತವೆ. ಪಿನ್ ಹಾಕಿದ ಕೂಡಲೇ ಟಿವಿ ತನ್ನ ಪರದೆಯ ಅಳತೆ ಏನು, ಯಾವ ಥರದ ಶಬ್ದ ನುಡಿಸಬಲ್ಲೆ ಅನ್ನುವ ವಿವರವನ್ನು ಬಾಕ್ಸಿಗೆ ಕೊಡುತ್ತದೆ. ಬಾಕ್ಸ್ ಅದಕ್ಕೆ ತಕ್ಕಂತೆ ಕಳಿಸುತ್ತದೆ. ನಕಲು ತಡೆಯುವ ಎಚ್‌ಡಿಸಿಪಿ ಅನ್ನುವ ಬೀಗದ ಪರೀಕ್ಷೆಯೂ ಆಗಲೇ ನಡೆಯುತ್ತದೆ. ಈ ಮಾತುಕತೆ ನಡುವೆ ಕಡಿದರೆ ಪರದೆ ಕಪ್ಪಾಗಿ ನಿಲ್ಲುತ್ತದೆ. ಎರಡನ್ನೂ ಆರಿಸಿ, ಮೊದಲು ಟಿವಿ, ಆಮೇಲೆ ಬಾಕ್ಸ್ ಹಾಕಿದರೆ ಎಷ್ಟೋ ಸಲ ಸರಿಹೋಗುವುದು ಮಾತುಕತೆ ಹೊಸದಾಗಿ ಶುರುವಾಗುವುದರಿಂದ.

ವೈರಿನ ವಿಷಯಕ್ಕೆ ಬರೋಣ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳು. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್ (ಬಿಟ್ ಅಂದರೆ 0 ಅಥವಾ 1 ಅನ್ನುವ ಒಂದು ಅಂಕಿ). ಸೆಕೆಂಡಿಗೆ 60 ಸಲ ಇಡೀ ಪರದೆ ಬದಲಾಗಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 1200 ಕೋಟಿ ಬಿಟ್, ಅಂದರೆ 12 ಗಿಗಾಬಿಟ್. 2009ರ ಎಚ್‌ಡಿಎಂಐ 1.4 ಸಾಗಿಸಬಲ್ಲದ್ದು 10.2 ಗಿಗಾಬಿಟ್. ಹಾಗಾಗಿ ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ. 2013ರ 2.0ರಲ್ಲಿ ಇದು 18ಕ್ಕೆ ಏರಿತು, 2017ರ 2.1ರಲ್ಲಿ 48ಕ್ಕೆ. ಸೆಟ್ ಟಾಪ್ ಬಾಕ್ಸ್‌ಗೆ ಹಳೆಯ ವೈರು ಸಾಕು. 4ಕೆ ಸಿನಿಮಾಕ್ಕೆ ‘ಪ್ರೀಮಿಯಂ ಹೈಸ್ಪೀಡ್’, ಹೊಸ ಗೇಮ್ ಕನ್ಸೋಲ್‌ಗೆ ‘ಅಲ್ಟ್ರಾ ಹೈಸ್ಪೀಡ್’ ಅಂತ ಬರೆದ ವೈರು ತೆಗೆದುಕೊಳ್ಳಿ.

ವೈರಿಗೆ ಸಾವಿರಾರು ರೂಪಾಯಿ ಕೊಟ್ಟರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುವ ಮಾತು ನಂಬಬೇಡಿ. ಡಿಜಿಟಲ್ ಅಂಕಿಗಳು ಸರಿಯಾಗಿ ತಲುಪಿದ ಮೇಲೆ ಅದಕ್ಕಿಂತ ಚೆನ್ನಾಗಿ ತಲುಪುವುದು ಅಂತ ಇಲ್ಲ. ಬಂಗಾರದ ಲೇಪ ತುಕ್ಕು ತಡೆಯುತ್ತದೆ, ಬಣ್ಣ ಕೂಡಿಸುವುದಿಲ್ಲ. ದುಡ್ಡು ಜಾಸ್ತಿ ಹಾಕಬೇಕಾಗುವುದು ವೈರು ತುಂಬಾ ಉದ್ದ ಇದ್ದಾಗ. ಪ್ರೊಜೆಕ್ಟರಿಗೆ ಅಂತ ಹತ್ತು-ಹದಿನೈದು ಮೀಟರ್ ಎಳೆಯುವಾಗ ಸಾದಾ ತಾಮ್ರದ ವೈರಿನಲ್ಲಿ 4ಕೆ ಸಿಗ್ನಲ್ ಸೊರಗಿಬಿಡುತ್ತದೆ. ಅಲ್ಲಿ ಒಳಗೆ ಗಾಜಿನ ಎಳೆ ಇರುವ ಫೈಬರ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ. ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಅಂತ ಬರೆದಿರುತ್ತದೆ. ಗೋಡೆಯೊಳಗೆ ಪೈಪಿನಲ್ಲಿ ಎಳೆಯುವ ಮುಂಚೆಯೇ ಅದನ್ನು ನೋಡಿಕೊಳ್ಳಬೇಕು.

ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್‌ಗೆ ಬೇರೆ ಕರೆಂಟ್ ವೈರು ಯಾಕೆ ಅಂತ ಕೆಲವರು ಕೇಳುತ್ತಾರೆ. ಎಚ್‌ಡಿಎಂಐ ತೂತಿನಲ್ಲಿ 5 ವೋಲ್ಟ್ ಇದೆ, ಆದರೆ ಅದರಿಂದ ಸಿಗುವ ಕರೆಂಟ್ ತೀರಾ ಕಡಿಮೆ. ಸ್ಟಿಕ್ ಒಳಗಿರುವುದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಅಷ್ಟು ಸಾಲದು.

ಶಬ್ದ ವಾಪಸ್ ಬರುವ ತೂತು

ಇಷ್ಟು ಹೊತ್ತು ಬಾಕ್ಸಿನಿಂದ ಟಿವಿಗೆ ಅನ್ನುವ ಒಂದೇ ದಿಕ್ಕು ನೋಡಿದೆವು. ಸೌಂಡ್‌ಬಾರ್‌ನಲ್ಲಿ ವಿಷಯ ತಿರುವುಮುರುವು. ಯೂಟ್ಯೂಬ್ ಓಡುತ್ತಿರುವುದು ಟಿವಿಯ ಒಳಗೆ. ಶಬ್ದ ಟಿವಿಯಿಂದ ಹೊರಗೆ ಹೋಗಬೇಕು. ಆದರೆ ಟಿವಿಯ ಎಚ್‌ಡಿಎಂಐ ತೂತುಗಳೆಲ್ಲ ಇನ್!

ಇದಕ್ಕೆ 2009ರಲ್ಲಿ ಬಂದ ಪರಿಹಾರ ಎಆರ್‌ಸಿ, ಅಂದರೆ ಆಡಿಯೊ ರಿಟರ್ನ್ ಚಾನೆಲ್. ಚಿತ್ರ ಒಳಗೆ ಬರುವ ವೈರಿನಲ್ಲೇ ಶಬ್ದ ವಾಪಸ್ ಹೋಗುತ್ತದೆ. ಈ ಸೌಲಭ್ಯ ಸಾಮಾನ್ಯವಾಗಿ ಒಂದೇ ತೂತಿನಲ್ಲಿರುತ್ತದೆ. ಮೂರು ಎಚ್‌ಡಿಎಂಐ ತೂತುಗಳಲ್ಲಿ ಯಾವುದರ ಪಕ್ಕ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಇದೆಯೋ ಅದಕ್ಕೇ ಸೌಂಡ್‌ಬಾರ್ ಹಾಕಬೇಕು. ಸೌಂಡ್‌ಬಾರ್‌ನಲ್ಲಿ ಎರಡು ತೂತಿದ್ದರೆ ಅಲ್ಲೂ ಎಆರ್‌ಸಿ ಅಂತ ಬರೆದಿರುವುದನ್ನೇ ಹಿಡಿಯಬೇಕು. ಆಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಶಬ್ದದ ಔಟ್‌ಪುಟ್ ಎಆರ್‌ಸಿ ಮಾಡಿ, ಎಚ್‌ಡಿಎಂಐ-ಸಿಇಸಿ ಅನ್ನುವುದನ್ನು ಆನ್ ಮಾಡಬೇಕು. ಈ ಸಿಇಸಿ ಒಂದು ಸಾಧನದಿಂದ ಇನ್ನೊಂದಕ್ಕೆ ಅಪ್ಪಣೆ ಕಳಿಸುವ ದಾರಿ. ಟಿವಿ ರಿಮೋಟ್‌ನಲ್ಲೇ ಸೌಂಡ್‌ಬಾರ್‌ನ ವಾಲ್ಯೂಮ್ ಬದಲಾಗುವುದು ಇದರಿಂದ. ಕೆಲವು ಕಂಪನಿಗಳು ಇದಕ್ಕೆ ತಮ್ಮದೇ ಹೆಸರು ಇಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್.

ಇಎಆರ್‌ಸಿ ಅದರ ದೊಡ್ಡಣ್ಣ. ಎಆರ್‌ಸಿಯಲ್ಲಿ ಬಹು ಸ್ಪೀಕರಿನ ಶಬ್ದವನ್ನು ಒತ್ತಿ ಚಿಕ್ಕದು ಮಾಡಿ ಕಳಿಸಬೇಕು. ಇಎಆರ್‌ಸಿಯಲ್ಲಿ ಹಾಗೇ ಪೂರ್ತಿ ಕಳಿಸಬಹುದು. ಸಾದಾ ಸೌಂಡ್‌ಬಾರ್‌ಗೆ ಎಆರ್‌ಸಿ ಧಾರಾಳ ಸಾಕು.

ಆಪ್ಟಿಕಲ್: ಬೆಳಕಿನಲ್ಲಿ ಶಬ್ದ

ಸೌಂಡ್‌ಬಾರ್‌ನಲ್ಲಿ ಎಚ್‌ಡಿಎಂಐ ಇಲ್ಲದಿದ್ದರೆ ಚೌಕ ಆಕಾರದ ಆಪ್ಟಿಕಲ್ ತೂತು ಹುಡುಕಿ. 1983ರಲ್ಲಿ ತೊಶಿಬಾ ತಂದ ಪದ್ಧತಿ ಇದು, ಅದಕ್ಕೇ ಟಾಸ್‌ಲಿಂಕ್ ಎಂಬ ಹೆಸರು. ಶಬ್ದದ ಅಂಕಿಗಳು ಇಲ್ಲಿ ಕೆಂಪು ಬೆಳಕಾಗಿ ಹೋಗುತ್ತವೆ. ಟಿವಿ ಆನ್ ಮಾಡಿ ವೈರಿನ ಇನ್ನೊಂದು ತುದಿ ನೋಡಿದರೆ ಕೆಂಪು ಚುಕ್ಕಿ ಕಾಣುತ್ತದೆ. ಕಂಡರೆ ಟಿವಿಯಿಂದ ಬೆಳಕು ಬರುತ್ತಿದೆ, ವೈರೂ ಸರಿ ಇದೆ. ತೊಂದರೆ ಸೌಂಡ್‌ಬಾರ್ ಕಡೆ, ಇಲ್ಲವೇ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಇರಬಹುದು.

ಹೊಸ ಆಪ್ಟಿಕಲ್ ವೈರಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣದು. ಅದನ್ನು ತೆಗೆಯದೆ ತಳ್ಳಿ, ಪಿನ್ ಕೂರುತ್ತಿಲ್ಲ ಅಂತ ಒದ್ದಾಡುವವರು ತುಂಬಾ ಇದ್ದಾರೆ. ವೈರನ್ನು ಚೂಪಾಗಿ ಮಡಚಲೂಬಾರದು, ಒಳಗಿನ ಎಳೆ ಮುರಿಯುತ್ತದೆ.

ಬೆಳಕು ಕಂಡರೂ ಶಬ್ದ ಇಲ್ಲದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಪಿಸಿಎಂ’ ಆಯ್ಕೆ ಮಾಡಿ ನೋಡಿ. ಪಿಸಿಎಂ ಅಂದರೆ ಒತ್ತದೆ ಕಳಿಸುವ ಸಾದಾ ಎರಡು ಸ್ಪೀಕರಿನ ಶಬ್ದ. ಇದನ್ನು ಎಲ್ಲ ಸಾಧನವೂ ಓದುತ್ತವೆ. ‘ಆಟೊ’ ಅಥವಾ ‘ಬಿಟ್‌ಸ್ಟ್ರೀಮ್’ ಇದ್ದರೆ ಡಾಲ್ಬಿ ಎಂಬ ಒತ್ತಿದ ರೂಪದಲ್ಲಿ ಹೋಗಬಹುದು, ಕಡಿಮೆ ಬೆಲೆಯ ಎಷ್ಟೋ ಸಾಧನಗಳಿಗೆ ಅದು ಅರ್ಥವಾಗುವುದಿಲ್ಲ.

‘ಕೊಆಕ್ಸಿಯಲ್’ ಅಂತ ಬರೆದ, ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಒಂಟಿ ಆರ್‌ಸಿಎ ತೂತು ಇದ್ದರೆ ಅದರಲ್ಲಿ ಹೋಗುವುದೂ ಇದೇ ಅಂಕಿಗಳು, ಬೆಳಕಿನ ಬದಲು ವಿದ್ಯುತ್ತಾಗಿ. ಆಕಾರ ನೋಡಿ ಕೆಂಪು-ಬಿಳಿ ವೈರಿನ ಒಂದು ಪಿನ್ನನ್ನು ಅಲ್ಲಿಂದ ಹಳೆ ಆಂಪ್ಲಿಫೈಯರಿಗೆ ಎಳೆದರೆ ಹಾಡು ಕೇಳುವುದಿಲ್ಲ.

ಹಾಗಾದರೆ ಕೆಂಪು-ಬಿಳಿ ಇನ್ ಮಾತ್ರ ಇರುವ ಹಳೆ ಆಂಪ್ಲಿಫೈಯರ್‌ಗೆ ಏನು ದಾರಿ? ಎರಡು ದಾರಿ ಇವೆ. ಟಿವಿಯಲ್ಲಿ ಹೆಡ್‌ಫೋನ್ ತೂತಿದ್ದರೆ ಅಲ್ಲಿಂದ 3.5 ಮಿಲಿಮೀಟರ್-ಆರ್‌ಸಿಎ ವೈರು ಎಳೆಯಿರಿ. ಇಲ್ಲದಿದ್ದರೆ ಆಪ್ಟಿಕಲ್‌ನಿಂದ ಆರ್‌ಸಿಎ ಮಾಡುವ ಡಿಎಸಿ ಅನ್ನುವ ಪುಟ್ಟ ಡಬ್ಬಿ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೇಳಿದರೆ ಕೂಡಲೇ ಕೊಡುತ್ತಾರೆ. ಅದನ್ನು ಹಾಕಿದರೆ ಟಿವಿಯನ್ನು ಪಿಸಿಎಂನಲ್ಲೇ ಇಡಬೇಕು.

ಎಲ್ಲ ಶಬ್ದದ ತೂತೂ ಒಂದೇ ಅಲ್ಲ

ಪಿನ್ ಕೂತ ಮಾತ್ರಕ್ಕೆ ಜೋಡಣೆ ಸರಿ ಅಂತಲ್ಲ. ಅನಲಾಗ್ ಶಬ್ದದಲ್ಲಿ ವೋಲ್ಟೇಜ್‌ನ ಮಟ್ಟ ಬೇರೆ ಬೇರೆ ಇರುತ್ತದೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ‘ಆಕ್ಸ್’, ‘ಲೈನ್ ಇನ್’ ಅನ್ನುವ ತೂತುಗಳು ನಿರೀಕ್ಷಿಸುವುದು ಅದರ ಎಷ್ಟೋ ಪಟ್ಟು, ಸುಮಾರು 0.3 ವೋಲ್ಟ್‌ನಿಂದ 2 ವೋಲ್ಟ್ ತನಕ. ಸ್ಪೀಕರಿಗೆ ಹೋಗುವ ವೈರಿನಲ್ಲಿ ಹಲವು ವೋಲ್ಟ್, ದೊಡ್ಡ ಆಂಪ್ಲಿಫೈಯರ್ ಆದರೆ ಹತ್ತಾರು ವೋಲ್ಟ್ ಇರುತ್ತದೆ.

ಅದಕ್ಕೇ ಮೈಕನ್ನು ಆಕ್ಸ್‌ಗೆ ಹಾಕಿದರೆ ಪಿಸುಮಾತಿನಷ್ಟೂ ಕೇಳುವುದಿಲ್ಲ. ಟಿವಿಯನ್ನು ಮೈಕ್ ತೂತಿಗೆ ಹಾಕಿದರೆ ಶಬ್ದ ಒಡೆದು ಕರ್ಕಶವಾಗುತ್ತದೆ. ಸ್ಪೀಕರ್ ಔಟ್‌ನ ವೈರನ್ನು ಆಕ್ಸ್‌ಗೆ ಎಂದೂ ಹಾಕಬೇಡಿ, ಒಳಗಿನ ಸರ್ಕ್ಯೂಟ್ ಸುಟ್ಟೇ ಹೋಗಬಹುದು. ಮೈಕ್‌ಗೆ ಸಾಮಾನ್ಯವಾಗಿ 6.35 ಮಿಲಿಮೀಟರ್‌ನ ದಪ್ಪ ತೂತು ಇರುತ್ತದೆ. ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಕಾಲದಿಂದ ಬಂದ ಪಿನ್ ಅದು.

‘ಫೋನೊ’ ಅಂತ ಬರೆದ ಆರ್‌ಸಿಎ ತೂತು ಗ್ರಾಮಫೋನ್ ರೆಕಾರ್ಡ್ ಪ್ಲೇಯರಿಗೆ ಮೀಸಲು. ರೆಕಾರ್ಡ್ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಏರು ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಫೋನೊ ತೂತಿನ ಹಿಂದಿನ ಸರ್ಕ್ಯೂಟ್ ಅದನ್ನು ವಾಪಸ್ ಸಮ ಮಾಡುತ್ತದೆ. ಟಿವಿಯನ್ನು ಅಲ್ಲಿಗೆ ಹಾಕಿದರೆ ಶಬ್ದ ವಿಪರೀತ ಜೋರಾಗಿ, ಗುಮ್ ಅನ್ನುತ್ತಾ ಒಡೆಯುತ್ತದೆ.

ವೈರು ಸರಿಯಿದ್ದೂ ಸ್ಪೀಕರಿನಲ್ಲಿ ಸಣ್ಣಗೆ ಹುಂ ಎನ್ನುವ ಶಬ್ದ ಬಿಡದೆ ಬರುತ್ತಿದ್ದರೆ, ಟಿವಿ ಮತ್ತು ಆಂಪ್ಲಿಫೈಯರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಬೇರೆ ಬೇರೆ ಕಡೆ ಅರ್ತ್ ಆದ ಎರಡು ಸಾಧನಗಳ ನಡುವೆ ಶಬ್ದದ ವೈರಿನಲ್ಲೇ ಸಣ್ಣ ಕರೆಂಟ್ ಹರಿಯುವುದರಿಂದ ಹೀಗಾಗುತ್ತದೆ. ಹುಂ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಮುರಿಯುವುದು ಜೀವಕ್ಕೇ ಅಪಾಯ. ಆಪ್ಟಿಕಲ್‌ನಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲದ್ದರಿಂದ ಅದರ ದಾರಿಯಲ್ಲಿ ಈ ಹುಂ ದಾಟಿ ಬರುವುದಿಲ್ಲ.

ಯುಎಸ್‌ಬಿ, ವಿಜಿಎ ಮತ್ತು ಕನ್ವರ್ಟರ್

ಟಿವಿಯ ಯುಎಸ್‌ಬಿ ತೂತು ಪೆನ್‌ಡ್ರೈವ್‌ಗೆ. ಲ್ಯಾಪ್‌ಟಾಪನ್ನು ಯುಎಸ್‌ಬಿ ವೈರಿನಲ್ಲಿ ಅಲ್ಲಿಗೆ ಜೋಡಿಸಿದರೆ ಚಿತ್ರ ಬರುವುದಿಲ್ಲ. ಫೋನಿನ ಟೈಪ್-ಸಿ ತೂತಿನಿಂದ ಎಚ್‌ಡಿಎಂಐಗೆ ಹೋಗುವ ವೈರು ಸಿಗುತ್ತದೆ. ಆದರೆ ಚಿತ್ರ ಹೊರಗೆ ಕಳಿಸುವ ಶಕ್ತಿ ಎಲ್ಲ ಫೋನಿನ ಟೈಪ್-ಸಿಗೂ ಇಲ್ಲ. ಫೋನಿನ ವಿವರದಲ್ಲಿ ‘ಡಿಸ್‌ಪ್ಲೇ ಪೋರ್ಟ್’ ಅಥವಾ ‘ವಿಡಿಯೊ ಔಟ್’ ಅಂತ ಇದೆಯೇ ನೋಡಿಯೇ ವೈರು ಕೊಳ್ಳಿ.

ನೀಲಿ ಬಣ್ಣದ, 15 ಕಡ್ಡಿಯ ವಿಜಿಎ 1987ರಲ್ಲಿ ಐಬಿಎಂ ಕಂಪ್ಯೂಟರ್‌ಗಳ ಜೊತೆ ಬಂದದ್ದು. ಅದು ಅನಲಾಗ್, ಶಬ್ದ ಇಲ್ಲ.

ಹಳದಿ-ಬಿಳಿ-ಕೆಂಪು ಇರುವ ಸಾಧನವನ್ನು ಎಚ್‌ಡಿಎಂಐ ಮಾತ್ರ ಇರುವ ಟಿವಿಗೆ ಹಾಕಲು ಕನ್ವರ್ಟರ್ ಡಬ್ಬಿ ಸಿಗುತ್ತದೆ. ಇಲ್ಲಿ ದಿಕ್ಕು ತಪ್ಪಬಾರದು. ‘ಎವಿ ಟು ಎಚ್‌ಡಿಎಂಐ’ ಬೇರೆ, ‘ಎಚ್‌ಡಿಎಂಐ ಟು ಎವಿ’ ಬೇರೆ. ನೋಡಲು ಎರಡೂ ಒಂದೇ, ತೂತುಗಳೂ ಅವೇ, ಕೆಲಸ ಮಾತ್ರ ತದ್ವಿರುದ್ಧ. ನಿಮ್ಮ ಹಳೆಯ ಸಾಧನದ ತೂತಿನ ಹೆಸರು ಮೊದಲು, ಟಿವಿಯ ತೂತಿನ ಹೆಸರು ಆಮೇಲೆ ಬರುವ ಡಬ್ಬಿಯನ್ನೇ ಕೇಳಿ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಮೂರು ಬಣ್ಣದ ಪಿನ್ ಇರುವ ಬರೀ ವೈರು ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ಅನಲಾಗನ್ನು ಡಿಜಿಟಲ್ ಮಾಡುವ ಸರ್ಕ್ಯೂಟೇ ಅದರಲ್ಲಿ ಇರುವುದಿಲ್ಲ.

ಮದುವೆ ಕ್ಯಾಸೆಟ್

ಹಳದಿ ವೈರಿಗೆ ಇವತ್ತಿಗೂ ಒಂದು ದೊಡ್ಡ ಕೆಲಸ ಬಾಕಿ ಇದೆ. ಬೀರುವಿನಲ್ಲಿ ಕೂತಿರುವ ಎಂಬತ್ತು-ತೊಂಬತ್ತರ ದಶಕದ ಮದುವೆ, ನಾಮಕರಣದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು. ವಿಸಿಆರ್‌ನ ‘ಔಟ್’ನಿಂದ ಹಳದಿ ಮತ್ತು ಶಬ್ದದ ಪಿನ್‌ಗಳನ್ನು ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಅನ್ನುವ ಸಾಧನಕ್ಕೆ ಹಾಕಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಬೇಕು. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು. ಚಿತ್ರದ ಗುಣ ಕ್ಯಾಸೆಟ್‌ನಲ್ಲೇ ಅಷ್ಟಿರುವುದರಿಂದ ಹಳದಿ ವೈರು ಸಾಕು.

ಶುರು ಮಾಡುವ ಮುಂಚೆ ಕ್ಯಾಸೆಟ್‌ನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಬೂಸ್ಟು ಕಂಡರೆ ವಿಸಿಆರ್‌ಗೆ ಹಾಕಬೇಡಿ. ಬೂಸ್ಟು ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂಥದ್ದನ್ನು ಕೆಲಸ ಗೊತ್ತಿರುವವರಿಂದಲೇ ಸ್ವಚ್ಛ ಮಾಡಿಸಬೇಕು. ಅಮೆರಿಕದಲ್ಲಿರುವ ನೆಂಟರು ಅಲ್ಲಿ ತೆಗೆದು ಕಳಿಸಿದ ಕ್ಯಾಸೆಟ್ ಆದರೆ ಅದು 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿಯದು. ಪಾಲ್ ಮಾತ್ರ ಗೊತ್ತಿರುವ ವಿಸಿಆರ್‌ನಲ್ಲಿ ಅದು ಸರಿಯಾಗಿ ಓಡುವುದಿಲ್ಲ. ಎರಡನ್ನೂ ಓದುವ ಮಲ್ಟಿಸಿಸ್ಟಂ ವಿಸಿಆರ್ ಹುಡುಕಬೇಕು. ಕ್ಯಾಪ್ಚರ್ ಸಾಫ್ಟ್‌ವೇರ್‌ನಲ್ಲೂ ಕ್ಯಾಸೆಟ್‌ಗೆ ತಕ್ಕ ಪದ್ಧತಿ ಆರಿಸಬೇಕು. ಇಲ್ಲದಿದ್ದರೆ ಬಣ್ಣ ಹೋಗುತ್ತದೆ ಅಥವಾ ಚಿತ್ರ ಉರುಳುತ್ತದೆ.

ಡಿಶ್ ವೈರು ಮತ್ತು ಸಿಡಿಲು

ಕೊನೆಯ ತೂತು ತಿರುಗಿಸಿ ಕೂರಿಸುವ ದಪ್ಪ ವೈರಿನದು. ಡಿಶ್‌ನಿಂದ ಸೆಟ್ ಟಾಪ್ ಬಾಕ್ಸ್‌ಗೆ ಬರುವ ಈ ವೈರಿನಲ್ಲಿ ಎರಡು ದಿಕ್ಕಿನ ಕೆಲಸ ನಡೆಯುತ್ತದೆ. ಸಿಗ್ನಲ್ ಕೆಳಗೆ ಬರುತ್ತದೆ, ಡಿಶ್‌ನ ಮುಂದಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಅನ್ನುವ ಪುಟ್ಟ ಸಾಧನಕ್ಕೆ ಬೇಕಾದ 13 ಅಥವಾ 18 ವೋಲ್ಟ್ ಇದೇ ವೈರಿನಲ್ಲಿ ಮೇಲೆ ಹೋಗುತ್ತದೆ. ಹಾಗಾಗಿ ಬಾಕ್ಸ್ ಆನ್ ಇದ್ದಾಗ ಇದನ್ನು ಬಿಚ್ಚಿ ಹಾಕಬಾರದು. ವೈರಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಟಿವಿ ಹೋಗುವುದು ಹೊಸದಲ್ಲ. ಎಷ್ಟೋ ಮನೆಯವರು ಕರೆಂಟ್ ಪ್ಲಗ್ ತೆಗೆದಿರುತ್ತಾರೆ, ಆದರೂ ಟಿವಿ ಸುಡುತ್ತದೆ. ಸಿಡಿಲಿನ ವಿದ್ಯುತ್ ಬರಲು ಇನ್ನೊಂದು ದಾರಿ ತೆರೆದೇ ಇರುತ್ತದೆ: ಮಾಡಿನ ಮೇಲಿನ ಡಿಶ್, ಅಲ್ಲಿಂದ ದಪ್ಪ ವೈರು, ಬಾಕ್ಸ್, ಎಚ್‌ಡಿಎಂಐ ವೈರು, ಟಿವಿ. ಟಿವಿ ಪೂರ್ತಿ ಸುಡದಿದ್ದರೂ ಎಚ್‌ಡಿಎಂಐ ತೂತಿನ ಹಿಂದಿನ ಚಿಪ್ ಹೋಗಿ, ಆ ಒಂದು ತೂತು ಮಾತ್ರ ಸತ್ತಿರಬಹುದು. ಮಳೆ ಬಂದ ಮರುದಿನ ‘ನೋ ಸಿಗ್ನಲ್’ ಅಂತ ಬಂದರೆ ವೈರನ್ನು ಇನ್ನೊಂದು ಎಚ್‌ಡಿಎಂಐ ತೂತಿಗೆ ಹಾಕಿ ನೋಡುವುದು ಇದಕ್ಕೇ.

ಮೋಡ ಕಟ್ಟುವಾಗಲೇ, ಗುಡುಗು ದೂರ ಇರುವಾಗಲೇ, ಮೊದಲು ಕರೆಂಟ್ ಪ್ಲಗ್ ತೆಗೆಯಿರಿ, ಆಮೇಲೆ ಬಾಕ್ಸ್‌ನಿಂದ ಡಿಶ್ ವೈರು ಬಿಚ್ಚಿ ಗೋಡೆ ಕಡೆಗೆ ಸರಿಸಿಡಿ. ಇಂಟರ್‌ನೆಟ್ ತಾಮ್ರದ ವೈರಿನಲ್ಲಿ ಬರುತ್ತಿದ್ದರೆ ಅದನ್ನೂ ರೌಟರ್‌ನಿಂದ ತೆಗೆಯಿರಿ. ಸಿಡಿಲು ತಲೆ ಮೇಲೇ ಬಂದಿದ್ದರೆ ಯಾವ ವೈರನ್ನೂ ಮುಟ್ಟಬೇಡಿ, ಟಿವಿ ಹೋದರೆ ಹೋಗಲಿ. ಎಲ್ಲ ನಿಂತ ಮೇಲೆ ಡಿಶ್ ವೈರು ತಿರುಗಿಸಿ ಕೂರಿಸಿ, ಕೊನೆಗೆ ಕರೆಂಟ್ ಕೊಡಿ.